‘ಪ್ರೆಸ್’ ಎಂಬ ಶಬ್ದದ ಸಂಚಾರ

ಪ್ರಶ್ನೆ: ಅಂಗಡಿಯ ಫಲಕದಲ್ಲಿ ‘ಪ್ರೆಸ್’, ಸ್ಕೂಟರಿನ ಮೇಲೆ ‘ಪ್ರೆಸ್’, ಸುದ್ದಿಯಲ್ಲಿ ‘ಪ್ರೆಸ್ ಮೀಟ್’. ಇವೆಲ್ಲ ಒಂದೇ ಶಬ್ದವೇ?
— ಓದುಗರೊಬ್ಬರು, ರಾಮಕೃಷ್ಣನಗರ, ಮೈಸೂರು

ಉತ್ತರ: ಒಂದೇ ಶಬ್ದ. ಒತ್ತುವುದೆಂಬ ಮೂಲಾರ್ಥದಿಂದ ಒತ್ತುವ ಯಂತ್ರಕ್ಕೂ, ಯಂತ್ರದಿಂದ ಅದಿರುವ ಮನೆಗೂ, ಅಲ್ಲಿ ಅಚ್ಚಾಗುವ ಪತ್ರಿಕೆಗೂ, ಕಡೆಗೆ ಪತ್ರಿಕೋದ್ಯೋಗಿಗಳ ಸಮಸ್ತ ಸಮುದಾಯಕ್ಕೂ ಅದು ವ್ಯಾಪಿಸಿತು. 1843ರಲ್ಲಿ ಹರ್ಮನ್ ಮೋಗ್ಲಿಂಗರು ಹೊರಡಿಸಿದ ‘ಮಂಗಳೂರ ಸಮಾಚಾರ’ ಪತ್ರಿಕೆಯು ಕಲ್ಲಚ್ಚಿನಲ್ಲಿ ಮೂಡಿತು. ತರುವಾಯದ ಸೀಸದ ಮೊಳೆಗಳ ಕಾಲದಲ್ಲಿ, ಕನ್ನಡಿಯ ಬಿಂಬದಂತೆ ತಿರುವುಮುರುವಾದ ಅಕ್ಷರಗಳನ್ನೂ ಅವುಗಳ ಒತ್ತುಗಳನ್ನೂ ಗೂಡುಗೂಡಿನಿಂದ ಆಯ್ದು, ಪಂಕ್ತಿಗೊಳಿಸಿ, ಮಸಿ ಸವರಿ ಕಾಗದದ ಮೇಲೊತ್ತುವ ಶ್ರಮವನ್ನು ಕಂಡವರಿಗೆ ‘ಪ್ರೆಸ್’ ಎಂದರೆ ಪ್ರಥಮತಃ ಅಚ್ಚುಕೂಟವೇ.

ಆದರೆ ಅಧಿಕಾರಸ್ಥರು ಅಂಜಿದುದು ಯಂತ್ರಕ್ಕಲ್ಲ. 1908ರಲ್ಲಿ ಮೈಸೂರು ಸಂಸ್ಥಾನವು ಪತ್ರಿಕೆಗಳನ್ನು ನಿರ್ಬಂಧಿಸುವ ಕಾಯಿದೆಯನ್ನು ತಂದಾಗ, ಜನರು ‘ತಾತಯ್ಯ’ನೆಂದು ಪ್ರೀತಿಯಿಂದ ಕರೆದ ಎಂ. ವೆಂಕಟಕೃಷ್ಣಯ್ಯನವರು ತಮ್ಮ ಪತ್ರಿಕೆಗಳನ್ನೇ ನಿಲ್ಲಿಸಿ ಪ್ರತಿಭಟಿಸಿದರು. ಅಲ್ಲಿ ಆ ಶಬ್ದಕ್ಕೆ ಲೋಕಾಭಿಪ್ರಾಯದ ಧ್ವನಿಯೆಂಬ ಅರ್ಥವೇ ಸಲ್ಲುತ್ತದೆ, ಮತ್ತು ಎಲ್ಲ ಅರ್ಥಗಳಲ್ಲಿ ನಾನು ಅತ್ಯಂತ ಗೌರವಿಸುವುದು ಇದನ್ನೇ. ಸಂವಿಧಾನದ 19ನೆಯ ವಿಧಿಯಲ್ಲಿ ‘ಪ್ರೆಸ್’ ಎಂಬ ಮಾತೇ ಇಲ್ಲ. ವಾಕ್ ಮತ್ತು ಅಭಿವ್ಯಕ್ತಿ ಸ್ವಾತಂತ್ರ್ಯದೊಳಗೆ ಪತ್ರಿಕಾ ಸ್ವಾತಂತ್ರ್ಯವೂ ಅಡಕವೆಂಬುದನ್ನು ಸರ್ವೋಚ್ಚ ನ್ಯಾಯಾಲಯವು 1950ರಿಂದಲೂ ಎತ್ತಿಹಿಡಿದಿದೆ.

ಮುದ್ರಣಯಂತ್ರದ ಮುಖವನ್ನೇ ಕಾಣದ ಟಿವಿ ವರದಿಗಾರರೂ ಇಂದು ‘ಪ್ರೆಸ್ ಮೀಟ್’ಗೆ ಬರುತ್ತಾರೆ. ವಾಹನದ ಮೇಲಿನ ಚೀಟಿಯಾದರೋ ವೃತ್ತಿಸೂಚಕವೇ ಹೊರತು ಸಂಚಾರನಿಯಮಗಳಿಂದ ಯಾರಿಗೂ ವಿನಾಯಿತಿ ಕೊಡದು. ವೃತ್ತಿಯವರಲ್ಲದವರು ಅದನ್ನು ಅಂಟಿಸಿಕೊಳ್ಳುವುದು ಅಕ್ಷಮ್ಯವೆಂದೇ ನನ್ನ ಅಭಿಪ್ರಾಯ.