ಉದ್ಯಾನದ ಬಾಗಿಲು

ಉದ್ಯಾನವೆಂದೊಡನೆ ಮನಸ್ಸಿನಲ್ಲಿ ಸುಳಿಯುವುದು ಹೂವು, ಹಸುರು, ತಣ್ಣೆಳಲು. ನಾನಿಂದು ಅದರ ಬಾಗಿಲನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ಎರಡು ವರ್ಷಗಳ ಹಿಂದೆ ನನ್ನ ಹೆಂಡತಿಗೆ ಪಾರ್ಶ್ವವಾಯು ತಗುಲಿತು. ಗಾಲಿಕುರ್ಚಿಯೇ ಆಕೆಗೆ ಕಾಲಾಯಿತು. ಒಂದು ಸಂಜೆ ಮನೆಯ ಸಮೀಪದ ಉದ್ಯಾನಕ್ಕೆ ಕರೆದೊಯ್ದೆ. ದನಗಳೂ ಮೋಟಾರು ಸೈಕಲ್ಲುಗಳೂ ನುಗ್ಗದಿರಲೆಂದು ಬಾಗಿಲಿಗೆ ಕಬ್ಬಿಣದ ತಿರುಗಣೆ ಹಾಕಿದ್ದರು. ಗಾಲಿಕುರ್ಚಿಯೂ ಅದರಲ್ಲಿ ಹಿಡಿಸಲಿಲ್ಲ. ‘ನೀವು ಒಂದು ಸುತ್ತು ಹೋಗಿ ಬನ್ನಿ, ನಾನು ಇಲ್ಲಿಂದಲೇ ನೋಡುತ್ತಿರುತ್ತೇನೆ’ ಎಂದಳಾಕೆ. ನಾನು ಹೋಗಲಿಲ್ಲ.

1760ರಲ್ಲಿ ಹೈದರಾಲಿ ಆರಂಭಿಸಿದ ಲಾಲ್‌ಬಾಗ್ ಅಂದು ಅರಸನ ತೋಟ, ಇಂದು ಸಾರ್ವಜನಿಕರದು. ಆದರೆ ‘ಸರ್ವಜನ’ ಎಂಬ ಮಾತಿನೊಳಗೆ ಯಾರು ಯಾರು ಸೇರುತ್ತಾರೆಂಬುದನ್ನು ಯಾವುದೇ ಉದ್ಯಾನದಲ್ಲಿ ನಿರ್ಧರಿಸುವುದು ಫಲಕವಲ್ಲ, ಬಾಗಿಲು.

ಇದು ಕೇವಲ ವಿಹಾರದ ಪ್ರಶ್ನೆಯಲ್ಲ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ನೀಡಿದ ಸಲಹೆಯಂತೆ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮದ ಚಟುವಟಿಕೆ ಬೇಕು. ಮುದುಕರಿಗೂ ಅಂಗವಿಕಲರಿಗೂ, ಅವರವರ ಶಕ್ತಿಗೆ ತಕ್ಕಂತೆ, ಇದೇ ಅಳತೆ. ಅವರಿಗೆ ಬಾಗಿಲು ಮುಚ್ಚಿದರೆ ಆರೋಗ್ಯದ ದಾರಿಯನ್ನೇ ಮುಚ್ಚಿದಂತೆ.

ಬೇಕಾದುದೇನೂ ದುಬಾರಿಯದಲ್ಲ. ಬಾಗಿಲಿಗೆ 90 ಸೆಂಟಿಮೀಟರಾದರೂ ತೆರಪಿರಬೇಕು. ಮೆಟ್ಟಿಲ ಪಕ್ಕದಲ್ಲಿ ಇಳಿಜಾರಿರಬೇಕು. ಅದು ಒಂದಡಿ ಎತ್ತರಕ್ಕೆ 12 ಅಡಿ ಉದ್ದವಾದರೆ ಏರುವವರಿಗೆ ಹಗುರ. ಕುರುಡರ ಕೋಲಿಗೆ ತಿಳಿಯುವಂತೆ ಹಾದಿಗೆ ಅಂಚು ಬೇಕು. ಕಲ್ಲುಬೆಂಚಿಗೆ ಒರಗುಬೆನ್ನು, ಕೈತೋಳುಗಳಿದ್ದರೆ ಮಂಡಿನೋವಿನವರು ಕೈಯೂರಿ ಏಳಬಲ್ಲರು. ಬೆಂಚು ಸೋಮಾರಿಗಳಿಗಾಗಿ ಎಂದು ತಿಳಿಯಬಾರದು. ನನ್ನಂಥ ಮುದುಕರು ಬೆಂಚಿನಿಂದ ಬೆಂಚಿಗೆ ನಡೆಯುತ್ತಾರೆ. ಮುಂದಿನ ಬೆಂಚು ಕಣ್ಣಿಗೆ ಕಂಡರೆ ಇನ್ನಷ್ಟು ದೂರ ಹೋಗುವ ಧೈರ್ಯ ಬರುತ್ತದೆ. ಶೌಚಾಲಯವೂ ಮುಸ್ಸಂಜೆಯ ದೀಪವೂ ಇಲ್ಲದ ಕಡೆಗೆ ಹೆಣ್ಣುಮಕ್ಕಳು ಬರಲು ಹಿಂಜರಿಯುತ್ತಾರೆ.

ದನಗಳನ್ನು ತಡೆಯುವುದು ಹೇಗೆ ಎಂದು ನೀವು ಕೇಳಬಹುದು. ನಾನು ಮಲೆನಾಡಿನವನು. ನಮ್ಮ ಹಳ್ಳಿಯ ಬೇಲಿಗಳಿಗೆ ದಣಪೆಗಳಿದ್ದುವು. ಅಡ್ಡಗಳುಗಳನ್ನು ದನ ದಾಟದು. ಮನುಷ್ಯ ಬಂದರೆ ಸರಿಸಿ, ಹಾದು, ಮತ್ತೆ ಸೇರಿಸುವನು. ಗಾಡಿ ಬಂದರೆ ಎಲ್ಲ ಗಳುಗಳೂ ಸರಿಯುತ್ತಿದ್ದುವು. ತಿರುಗಣೆಯ ಪಕ್ಕದಲ್ಲಿ ಅಂಥದೊಂದು ಅಗಲವಾದ ಬಾಗಿಲು ಸಾಕು. ಅದಕ್ಕೆ ಬೀಗ ಜಡಿದು ಕೀಲಿಕೈಯನ್ನು ಯಾವುದೋ ಕಚೇರಿಯಲ್ಲಿರಿಸಿದರೆ ಮಾತ್ರ ಬಾಗಿಲಿದ್ದೂ ಇಲ್ಲದಂತೆ.

2016ರ ಅಂಗವಿಕಲರ ಹಕ್ಕುಗಳ ಅಧಿನಿಯಮ ನನ್ನ ಹೆಂಡತಿಯ ಪಕ್ಷದಲ್ಲಿದೆ. ಅದನ್ನು ಉಲ್ಲೇಖಿಸಿ ಮನವಿ ಬರೆದುಕೊಟ್ಟಿದ್ದೇನೆ. ಉತ್ತರ ಬರುವವರೆಗೆ ನಾವಿಬ್ಬರೂ ಬೇಲಿಯ ಹೊರಗಿನ ಹೊಂಗೆಯ ನೆರಳಿನಲ್ಲಿ ಸಂಜೆ ಕಳೆಯುತ್ತೇವೆ. ಆ ನೆರಳಿಗೆ ಬಾಗಿಲಿಲ್ಲ.