ಕಾರ್ಡಿಫ್‌ನ ರೋತ್‌ನಲ್ಲಿ ಮನೆ ಕೊಳ್ಳುವ ಮುನ್ನ: ತಪ್ಪು ಕಲ್ಪನೆಗಳು ಮತ್ತು ಸತ್ಯ

ವೇಲ್ಸ್‌ನ ರಾಜಧಾನಿ ಕಾರ್ಡಿಫ್ ದೊಡ್ಡ ನಗರವೇನಲ್ಲ. ಅಲ್ಲಿನ ರೋತ್ ಬಡಾವಣೆಯಿಂದ ನಗರದ ನಡುಭಾಗಕ್ಕೆ ನಡೆದೇ ಹೋಗಬಹುದು. ಹೀತ್‌ನಲ್ಲಿರುವ ವಿಶ್ವವಿದ್ಯಾಲಯದ ಆಸ್ಪತ್ರೆಯೂ ದೂರವಿಲ್ಲ. 1894ರಲ್ಲಿ ತೆರೆದ ರೋತ್ ಪಾರ್ಕ್, ಅದರೊಳಗಿನ ಕೆರೆ, ವೆಲ್‌ಫೀಲ್ಡ್ ರಸ್ತೆಯ ಅಂಗಡಿಗಳು, ಒಂದಕ್ಕೊಂದು ಅಂಟಿಕೊಂಡ ಕಲ್ಲಿನ ಮನೆಗಳ ಸಾಲು ನೋಡಿದರೆ ಇಲ್ಲೇ ನೆಲೆಸೋಣ ಎಂದು ಯಾರಿಗಾದರೂ ಅನ್ನಿಸುತ್ತದೆ. ಆದರೆ ಊರು ಚಿಕ್ಕದಾದ ಮಾತ್ರಕ್ಕೆ ವ್ಯವಹಾರ ಸರಳವಾಗುವುದಿಲ್ಲ. ಲಂಡನ್‌ನ ಗೆಳೆಯರ ಅನುಭವವನ್ನೋ ಬೆಂಗಳೂರಿನ ರೂಢಿಯನ್ನೋ ನೆಚ್ಚಿಕೊಂಡು ಹೊರಟವರು ಇಲ್ಲಿ ಸಾವಿರಾರು ಪೌಂಡ್ ಕಳೆದುಕೊಳ್ಳಬಹುದು. ಹಾಗಾಗಿ ಹೆಚ್ಚಾಗಿ ಕೇಳಿಬರುವ ಕೆಲವು ನಂಬಿಕೆಗಳನ್ನು ಒಂದೊಂದಾಗಿ ಪರಿಶೀಲಿಸೋಣ.

ತಪ್ಪು ಕಲ್ಪನೆ 1: ಇಂಗ್ಲೆಂಡಿನ ತೆರಿಗೆಯೇ ವೇಲ್ಸ್‌ನಲ್ಲೂ ಇದೆ.

ಸತ್ಯ: 2018ರ ಏಪ್ರಿಲ್ 1ರಿಂದ ವೇಲ್ಸ್‌ನಲ್ಲಿ ಸ್ಟ್ಯಾಂಪ್ ಡ್ಯೂಟಿ ಇಲ್ಲ. ಅದರ ಜಾಗದಲ್ಲಿ ಲ್ಯಾಂಡ್ ಟ್ರಾನ್ಸಾಕ್ಷನ್ ಟ್ಯಾಕ್ಸ್ ಇದೆ. ಅದರ ದರವನ್ನು ನಿಗದಿ ಮಾಡುವುದು ವೇಲ್ಸ್ ಸರ್ಕಾರ. ವಾಸಕ್ಕೆ ಕೊಳ್ಳುವ ಒಂದೇ ಮನೆಯಾದರೆ ಮೊದಲ 2.25 ಲಕ್ಷ ಪೌಂಡ್‌ಗೆ ತೆರಿಗೆ ಇಲ್ಲ. ಅಲ್ಲಿಂದ 4 ಲಕ್ಷದವರೆಗಿನ ಭಾಗಕ್ಕೆ ಶೇ 6. ಅಂದರೆ 3 ಲಕ್ಷ ಪೌಂಡ್‌ನ ಮನೆಗೆ 4,500 ಪೌಂಡ್ ತೆರಿಗೆ. ಇಂಗ್ಲೆಂಡಿನಲ್ಲಿ ಮೊದಲ ಸಲ ಮನೆ ಕೊಳ್ಳುವವರು ಇದೇ ಬೆಲೆಗೆ ಏನೂ ಕಟ್ಟಬೇಕಿಲ್ಲ. ಆ ವಿಶೇಷ ರಿಯಾಯಿತಿ ವೇಲ್ಸ್‌ನಲ್ಲಿ ಇಲ್ಲವೇ ಇಲ್ಲ. ಇಂಗ್ಲೆಂಡಿನ ಲೆಕ್ಕಾಚಾರ ಹಿಡಿದು ಉಳಿತಾಯ ಮಾಡಿದವರಿಗೆ ಕೊನೆಯ ಗಳಿಗೆಯಲ್ಲಿ ಹಣ ಸಾಲದೆ ಹೋಗುವುದು ಇದರಿಂದಲೇ.

ತಪ್ಪು ಕಲ್ಪನೆ 2: ಬೆಂಗಳೂರಿನಲ್ಲಿರುವ ಫ್ಲ್ಯಾಟ್‌ಗೂ ಇಲ್ಲಿನ ತೆರಿಗೆಗೂ ಸಂಬಂಧವಿಲ್ಲ.

ಸತ್ಯ: ಸಂಬಂಧ ಇದೆ. ಕನ್ನಡಿಗರು ಎಲ್ಲಕ್ಕಿಂತ ಮೊದಲು ತಿಳಿದಿರಬೇಕಾದ ವಿಷಯ ಇದು. ಜಗತ್ತಿನ ಯಾವ ಮೂಲೆಯಲ್ಲಾದರೂ 40,000 ಪೌಂಡ್ ಅಥವಾ ಹೆಚ್ಚು ಬೆಲೆಯ ಮನೆ ನಿಮ್ಮ ಹೆಸರಿನಲ್ಲಿದ್ದರೆ, ವೇಲ್ಸ್‌ನಲ್ಲಿ ಕೊಳ್ಳುವುದು 'ಹೆಚ್ಚುವರಿ ಮನೆ' ಎನಿಸಬಹುದು. ಮನೆ ಇರುವುದು ನಿಮ್ಮ ಹೆಂಡತಿಯ ಅಥವಾ ಗಂಡನ ಹೆಸರಿನಲ್ಲಾದರೂ ಈ ನಿಯಮ ತಪ್ಪುವುದಿಲ್ಲ. 2024ರ ಡಿಸೆಂಬರ್ 11ರಿಂದ ಜಾರಿಯಲ್ಲಿರುವ ದರದಂತೆ, ಹೆಚ್ಚುವರಿ ಮನೆಯ ಬೆಲೆ 3 ಲಕ್ಷ ಪೌಂಡ್ ಇದ್ದರೆ ತೆರಿಗೆ 19,950 ಪೌಂಡ್. ಖಾಲಿ ಸೈಟು ಈ ಲೆಕ್ಕಕ್ಕೆ ಬರುವುದಿಲ್ಲ. ವಾಸಯೋಗ್ಯ ಮನೆ ಮಾತ್ರ ಬರುತ್ತದೆ. ತಾವು ವಾಸವಿದ್ದ ಮನೆಯನ್ನು ಮಾರಿ ಇನ್ನೊಂದನ್ನು ಕೊಳ್ಳುವವರಿಗೆ ಪ್ರತ್ಯೇಕ ನಿಯಮವಿದೆ. ಅಪ್ಪನ ಕಾಲದ ಮನೆಯಲ್ಲಿ ಪಾಲು ಇದ್ದರೂ ಅದನ್ನು ಮೊದಲ ದಿನವೇ ನಿಮ್ಮ ಸಾಲಿಸಿಟರ್‌ಗೆ (ವಕೀಲರಿಗೆ) ಹೇಳಿಬಿಡಿ. ಮುಚ್ಚಿಟ್ಟರೆ ಮುಂದೆ ದಂಡದ ಭಯ ತಪ್ಪಿದ್ದಲ್ಲ.

ತಪ್ಪು ಕಲ್ಪನೆ 3: ಮಾಲೀಕರು ಆಫರ್ ಒಪ್ಪಿದರೆ ಮನೆ ನಮ್ಮದಾದಂತೆ.

ಸತ್ಯ: ನಮ್ಮಲ್ಲಿ ಟೋಕನ್ ಅಡ್ವಾನ್ಸ್ ಕೊಟ್ಟು ಅಗ್ರಿಮೆಂಟ್ ಮಾಡಿಕೊಂಡರೆ ಮಾತು ಗಟ್ಟಿಯಾಯಿತು ಎನ್ನುತ್ತೇವೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಆಫರ್ ಒಪ್ಪಿದ ಮೇಲೂ ಎರಡೂ ಕಡೆಯವರು ಹಿಂದೆ ಸರಿಯಬಹುದು. ಹೆಚ್ಚು ಬೆಲೆ ಕೊಡುವವರು ಸಿಕ್ಕರೆ ಮಾಲೀಕರು ಅತ್ತ ವಾಲಲೂ ಬಹುದು. ಎರಡೂ ಕಡೆಯ ಸಾಲಿಸಿಟರ್‌ಗಳು ಕರಾರುಪತ್ರ ವಿನಿಮಯ ಮಾಡಿಕೊಂಡ ಮೇಲಷ್ಟೇ ಇಬ್ಬರೂ ಕಾನೂನಿನ ಕಟ್ಟುಪಾಡಿಗೆ ಒಳಗಾಗುತ್ತಾರೆ. ಸಾಮಾನ್ಯವಾಗಿ ಶೇ 10ರಷ್ಟು ಮುಂಗಡ ಕೊಡುವುದೂ ಆಗಲೇ. ಅಲ್ಲಿಯವರೆಗೆ ಬಾಡಿಗೆ ಮನೆಯನ್ನು ಬಿಡುವುದಾಗಿ ನೋಟಿಸ್ ಕೊಡಬೇಡಿ.

ತಪ್ಪು ಕಲ್ಪನೆ 4: ಫ್ಲ್ಯಾಟ್ ಮಾತ್ರ ಲೀಸ್‌ಹೋಲ್ಡ್, ಬಿಡಿ ಮನೆಯೆಂದರೆ ನೆಲವೂ ನಮ್ಮದೇ.

ಸತ್ಯ: ಈ ಊರಿನ ಇತಿಹಾಸ ಬೇರೆಯೇ ಹೇಳುತ್ತದೆ. ರೋತ್ ಕಾರ್ಡಿಫ್‌ಗೆ ಸೇರಿದ್ದು 1875ರಲ್ಲಿ. ಕಲ್ಲಿದ್ದಲು ವ್ಯಾಪಾರ ಬೆಳೆದಂತೆ ಬ್ಯೂಟ್, ಟ್ರೆಡೀಗರ್‌ನಂಥ ದೊಡ್ಡ ಜಮೀನುದಾರರ ನೆಲದಲ್ಲಿ ಮನೆಗಳ ಸಾಲುಗಳು ಎದ್ದವು. ದಕ್ಷಿಣ ವೇಲ್ಸ್‌ನಲ್ಲಿ ಅಂಥ ಎಷ್ಟೋ ಮನೆಗಳು ನಿಂತಿದ್ದು 99 ವರ್ಷದ ಗುತ್ತಿಗೆಯ ನೆಲದ ಮೇಲೆ. ಗುತ್ತಿಗೆ ಮುಗಿಯುತ್ತ ಬಂದಾಗ, ತಾವೇ ದುರಸ್ತಿ ಮಾಡಿಸಿ ಬಾಳಿದ ಮನೆ ಜಮೀನುದಾರನ ಪಾಲಾಗುವ ಅನ್ಯಾಯದ ವಿರುದ್ಧ ಜನ ದನಿ ಎತ್ತಿದರು. 1967ರ ಲೀಸ್‌ಹೋಲ್ಡ್ ಸುಧಾರಣಾ ಕಾಯ್ದೆ ನೆಲವನ್ನೂ ಕೊಳ್ಳುವ ಹಕ್ಕನ್ನು ಅವರಿಗೆ ಕೊಟ್ಟಿತು. ಅನೇಕರು ಹಾಗೆ ಕೊಂಡರು, ಎಲ್ಲರೂ ಕೊಂಡಿಲ್ಲ. ಆದ್ದರಿಂದ ಬಿಡಿ ಮನೆಯಾದರೂ ಫ್ರೀಹೋಲ್ಡೋ (ನೆಲವೂ ಸ್ವಂತ) ಲೀಸ್‌ಹೋಲ್ಡೋ (ನೆಲ ಗುತ್ತಿಗೆ) ಎಂದು ದಾಖಲೆ ನೋಡಿಯೇ ತಿಳಿಯಬೇಕು. ಗುತ್ತಿಗೆಯ ಅವಧಿ ಕಡಿಮೆ ಉಳಿದಿದ್ದರೆ ಸಾಲ ಸಿಗುವುದೂ ಕಷ್ಟ, ಮುಂದೆ ಮಾರುವುದೂ ಕಷ್ಟ.

ತಪ್ಪು ಕಲ್ಪನೆ 5: ಬ್ಯಾಂಕಿನವರು ಮನೆ ನೋಡಿ ಒಪ್ಪಿದ್ದಾರೆ, ಇನ್ನು ಗೋಡೆ ತೇವವಾದರೆ ಅದು ಮಳೆಯ ತಪ್ಪು.

ಸತ್ಯ: ಇಲ್ಲಿ ಎರಡು ತಪ್ಪುಗಳಿವೆ. ಬ್ಯಾಂಕ್ ಮಾಡಿಸುವ ಮೌಲ್ಯಮಾಪನ ತನ್ನ ಸಾಲದ ರಕ್ಷಣೆಗೆ. ಮನೆಯ ಆರೋಗ್ಯ ತಪಾಸಣೆ ಅದಲ್ಲ. ಹಳೆಯ ಮನೆಗೆ ಸ್ವಂತ ಖರ್ಚಿನಲ್ಲಿ ಪರಿಣತ ಸರ್ವೇಯರ್‌ನಿಂದ ವಿವರವಾದ ತಪಾಸಣೆ ಮಾಡಿಸಲೇಬೇಕು.

ಇನ್ನು ಮಳೆ. ಕಾರ್ಡಿಫ್‌ನಲ್ಲಿ ವರ್ಷಕ್ಕೆ ಬೀಳುವುದು ಸುಮಾರು 1,150 ಮಿ.ಮೀ. ಮಂಗಳೂರಿನಲ್ಲಿ ಅದರ ಮೂರು ಪಟ್ಟು ಸುರಿಯುತ್ತದೆ. ವ್ಯತ್ಯಾಸವೆಂದರೆ ಇಲ್ಲಿನ ಮಳೆ ಸ್ವಲ್ಪಸ್ವಲ್ಪವಾಗಿ ವರ್ಷವಿಡೀ ಹಂಚಿಹೋಗಿದೆ. ಚಳಿಗಾಲದಲ್ಲಿ ಗೋಡೆ ಒಣಗಿಸುವಷ್ಟು ಬಿಸಿಲೂ ಇರುವುದಿಲ್ಲ. ಹಳೆಯ ಸಾಲುಮನೆಗಳ ಗೋಡೆಗಳು ನಡುವೆ ಟೊಳ್ಳಿಲ್ಲದ ಗಟ್ಟಿ ಗೋಡೆಗಳು. ಸುಣ್ಣದ ಗಾರೆಯ ಮೂಲಕ ತೇವ ಹೊರಹೋಗುವಂತೆ ಅವನ್ನು ಕಟ್ಟಿದ್ದರು. ಮೇಲೆ ಸಿಮೆಂಟ್ ಮೆತ್ತಿದರೆ ತೇವ ಒಳಗೇ ಉಳಿಯುತ್ತದೆ. ಕುಕ್ಕರಿನ ಆವಿ, ಸ್ನಾನದ ಹಬೆ, ಒಳಗೇ ಒಣಹಾಕಿದ ಬಟ್ಟೆಯ ನೀರು ತಣ್ಣನೆ ಗೋಡೆಗೆ ತಾಕಿ ಹನಿಯಾಗಿ ಬೂಸ್ಟು ಹಿಡಿಯುತ್ತದೆ. ಚಳಿಗೆ ಹೆದರಿ ಗಾಳಿಕಿಂಡಿಗಳನ್ನು ಮುಚ್ಚಬೇಡಿ. ಅಡುಗೆಮನೆಯ ಫ್ಯಾನ್ ಹೊರಗೆ ಗಾಳಿ ತಳ್ಳುತ್ತದೆಯೇ ಎಂದು ನೋಡಿ. ಪುಟ್ಟ ಮಕ್ಕಳಿರುವ ಮನೆಯಲ್ಲಿ ಬೂಸ್ಟನ್ನು ಸಣ್ಣ ವಿಷಯವೆಂದು ಬಿಡಬಾರದು. ಅದು ಉಸಿರಾಟಕ್ಕೆ ಕುತ್ತು ತರುತ್ತದೆ. ರೋತ್ ತೊರೆಯ ಸಮೀಪದ ಬೀದಿಯಾದರೆ ಸರ್ಕಾರಿ ನೆರೆ ನಕ್ಷೆಯನ್ನೂ ನೋಡಿಕೊಳ್ಳಿ.

ತಪ್ಪು ಕಲ್ಪನೆ 6: ಮನೆ ಮುಂದಿನ ರಸ್ತೆಯಲ್ಲಿ ಕಾರು ನಿಲ್ಲಿಸುವ ಹಕ್ಕು ನಮ್ಮದು.

ಸತ್ಯ: ಅದು ಸಾರ್ವಜನಿಕ ರಸ್ತೆ. ಕಾರುಗಳ ಕಾಲಕ್ಕೂ ಮೊದಲೇ ಆದ ಬೀದಿಗಳಿವು. ಹಲವೆಡೆ ನಿವಾಸಿಗಳು ಪರ್ಮಿಟ್ ಪಡೆಯಬೇಕು. ಪರ್ಮಿಟ್ ಇದ್ದರೂ ಬಾಗಿಲ ಮುಂದೆಯೇ ಜಾಗ ಸಿಗುತ್ತದೆಂಬ ಭರವಸೆ ಇಲ್ಲ. ಸಂಜೆ ಕೆಲಸ ಮುಗಿಯುವ ಹೊತ್ತಿಗೆ ಒಮ್ಮೆ ಹೋಗಿ ನೋಡಿ. ಎರಡು ಕಾರು ಬೇಕೆನ್ನುವವರಿಗೆ ಇಂಥ ಬೀದಿ ಸರಿಹೋಗದು. ನಡೆಯಲು, ಸೈಕಲ್ ತುಳಿಯಲು ಮನಸ್ಸಿರುವವರಿಗೆ ಇದಕ್ಕಿಂತ ಅನುಕೂಲದ ಜಾಗ ಸಿಗುವುದು ಕಷ್ಟ.

ತಪ್ಪು ಕಲ್ಪನೆ 7: ಶಾಲೆಯ ವ್ಯಾಪ್ತಿಯಲ್ಲಿ ಮನೆ ಕೊಂಡರೆ ಸೀಟು ಖಚಿತ, ವೆಲ್ಷ್ ಮಾಧ್ಯಮ ನಮ್ಮ ಮಕ್ಕಳಿಗಲ್ಲ.

ಸತ್ಯ: ವ್ಯಾಪ್ತಿಯೊಳಗಿದ್ದರೆ ಆದ್ಯತೆ ಇದೆ, ಖಾತರಿ ಇಲ್ಲ. ಅರ್ಜಿಗಳು ಹೆಚ್ಚಿದ ವರ್ಷ ಸೀಟು ತಪ್ಪಬಹುದು. ಇನ್ನು ಭಾಷೆಯ ವಿಚಾರ. 2021ರ ಜನಗಣತಿಯಲ್ಲಿ ಕಾರ್ಡಿಫ್‌ನ ಸುಮಾರು ಶೇ 12ರಷ್ಟು ಜನ ವೆಲ್ಷ್ ಬರುತ್ತದೆ ಎಂದಿದ್ದಾರೆ. ಹಾಗಿದ್ದರೂ ಇಂಗ್ಲಿಷ್ ಮಾಧ್ಯಮದ ಸರ್ಕಾರಿ ಶಾಲೆಗಳಲ್ಲೂ 16ರ ವಯಸ್ಸಿನವರೆಗೆ ವೆಲ್ಷ್ ಕಲಿಸುತ್ತಾರೆ. ವೆಲ್ಷ್ ಮಾಧ್ಯಮದ ಶಾಲೆಗಳು ಮನೆಯಲ್ಲಿ ಆ ಭಾಷೆ ಆಡದವರ ಮಕ್ಕಳಿಗೂ ತೆರೆದಿವೆ. ಅಂಥ ಮಕ್ಕಳು ಅಲ್ಲಿ ಬಹಳ ಇದ್ದಾರೆ. ತಾಯ್ನುಡಿ ಉಳಿಯಲಿ ಎಂದು ಹಂಬಲಿಸುವ ಕನ್ನಡಿಗರು ಈ ನೆಲದ ನುಡಿಗೂ ಅದೇ ಗೌರವ ಕೊಡಬೇಕು.

ತಪ್ಪು ಕಲ್ಪನೆ 8: ಮನೆ ಕೊಂಡರೆ ಇಲ್ಲೇ ನೆಲೆಸುವ ಹಕ್ಕೂ ಸಿಗುತ್ತದೆ.

ಸತ್ಯ: ವಿದೇಶಿಯರು ಇಲ್ಲಿ ಮನೆ ಕೊಳ್ಳಲು ಕಾನೂನಿನ ಅಡ್ಡಿಯಿಲ್ಲ. ಆದರೆ ಮನೆಯ ಪತ್ರ ವೀಸಾ ಆಗುವುದಿಲ್ಲ. ವೀಸಾದ ಉಳಿದ ಅವಧಿಯನ್ನು ನೋಡಿಯೇ ಕೆಲವು ಬ್ಯಾಂಕುಗಳು ಸಾಲ ನಿರ್ಧರಿಸುತ್ತವೆ.

ಮನೆ ಹುಡುಕುವವರು ಈ ಕ್ರಮದಲ್ಲಿ ಮುಂದುವರಿಯುವುದು ಒಳ್ಳೆಯದು: ಮೊದಲು ಊರಿನ ಆಸ್ತಿಯನ್ನೂ ಸೇರಿಸಿ ತೆರಿಗೆಯ ಲೆಕ್ಕ, ಆಮೇಲೆ ವೀಸಾ ಮತ್ತು ಸಾಲ, ಆಮೇಲೆ ನೆಲದ ಹಕ್ಕು, ಗೋಡೆಯ ತಪಾಸಣೆ. ಕೆರೆಯ ದಂಡೆ, ಚೆಂದದ ಕಿಟಕಿಗಳಿಗೆ ಮನಸೋಲುವುದು ಇವೆಲ್ಲ ಮುಗಿದ ಮೇಲಿರಲಿ. ದುಡಿದ ದುಡ್ಡು ಉಳಿಯುವುದು ಈ ಕ್ರಮ ತಪ್ಪದವರಿಗೆ.