ನೆರಿಗೆ ನಿಲ್ಲುವುದು ಹೇಗೆ?

ನೇಯ್ದ ಬಟ್ಟೆಗೆ ತನ್ನದೇ ಆದ ಆಕಾರವಿಲ್ಲ. ಮೇಜಿನ ಮೇಲೆ ಹಾಸಿದರೆ ಮೇಜಿನಂತೆ, ಹೆಗಲ ಮೇಲೆ ಹೊದ್ದರೆ ಹೆಗಲಿನಂತೆ ಅದು ಇಳಿಬೀಳುತ್ತದೆ. ಎತ್ತ ಎಳೆದರೆ ಅತ್ತ ಬಾಗುವ ಇಂತಹ ವಸ್ತುವನ್ನು ನೆಟ್ಟಗೆ ನಿಲ್ಲಿಸುವುದಕ್ಕೆ ಮನುಷ್ಯನು ಕಂಡುಕೊಂಡ ಉಪಾಯವೇ ನೆರಿಗೆ. ದಸರೆಯ ದಿನಗಳಲ್ಲಿ ಮೈಸೂರು ಅರಮನೆಯ ಮುಂದಿನ ವೇದಿಕೆಯಲ್ಲಿ ಭರತನಾಟ್ಯವನ್ನು ನೋಡಿದವರು ಇದನ್ನು ಗಮನಿಸಿರಬಹುದು. ನರ್ತಕಿಯು ಅರೆಮಂಡಿಗೆ ಇಳಿದೊಡನೆ ಅವಳ ಕಾಲುಗಳ ನಡುವೆ ರೇಷ್ಮೆಯ ಬೀಸಣಿಗೆಯೊಂದು ಅರಳುತ್ತದೆ. ಎದ್ದು ನಿಂತೊಡನೆ ಅದು ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ಅಲ್ಲಿ ಯಾವ ತಂತಿಯೂ ಇಲ್ಲ, ಕಡ್ಡಿಯೂ ಇಲ್ಲ.

ಇದೇ ಬೀಸಣಿಗೆಯನ್ನು ಕೊರಳಿನ ಸುತ್ತ ಸುತ್ತಿದರೆ ಏನಾಗುವುದು? ಖಗೋಳಜ್ಞ ಟೈಕೊ ಬ್ರಾಹೆಯ (೧೫೪೬–೧೬೦೧) ಚಿತ್ರವನ್ನು ನೋಡಿರಿ. ಅವನ ತಲೆಯು ನೆರಿಗೆಗಟ್ಟಿದ ಬಿಳಿಯ ಪಟ್ಟಿಯೊಂದರ ಮೇಲೆ ಕುಳಿತಿದೆ. ‘ರಫ್’ ಎಂಬ ಹೆಸರಿನ ಈ ಕೊರಳಪಟ್ಟಿಯು ಹದಿನಾರನೆಯ ಶತಮಾನದ ಉತ್ತರಾರ್ಧದಲ್ಲಿ ಯೂರೋಪಿನ ಸಿರಿವಂತರೆಲ್ಲರ ಕೊರಳನ್ನೂ ಏರಿತ್ತು. ನರ್ತಕಿಯ ಬೀಸಣಿಗೆಯಲ್ಲಿಯೂ ಈ ಪಟ್ಟಿಯಲ್ಲಿಯೂ ರಚನೆ ಒಂದೇ: ಬಟ್ಟೆಯ ಒಂದು ಅಂಚು ಹೊಲಿಗೆಯಲ್ಲಿ ಬಂಧಿತ, ಇನ್ನೊಂದು ಅಂಚು ಸ್ವತಂತ್ರ. ಎರಡನ್ನೂ ನಿಲ್ಲಿಸುವ ಭೌತ ನಿಯಮಗಳೂ ಅವೇ.

ಮಡಿಕೆಯ ಬಲ

ಒಂದು ಸಾಧಾರಣ ಕಾಗದವನ್ನು ಎರಡು ಪುಸ್ತಕಗಳ ನಡುವೆ ಸೇತುವೆಯಂತೆ ಇಡಿರಿ. ಒಂದು ಪೆನ್ಸಿಲನ್ನು ಇಟ್ಟರೂ ಅದು ಕುಸಿಯುತ್ತದೆ. ಅದೇ ಕಾಗದವನ್ನು ಒಂದೊಂದು ಸೆಂಟಿಮೀಟರಿಗೆ ಹಿಂದೆ ಮುಂದೆ ಮಡಿಸಿ ನೆರಿಗೆ ಮಾಡಿ, ನೆರಿಗೆಗಳು ಸೇತುವೆಯ ಉದ್ದಕ್ಕೆ ಇರುವಂತೆ ಇಟ್ಟರೆ ಅದು ಒಂದು ಲೋಟವನ್ನೂ ಹೊರಬಲ್ಲದು. ಕಾಗದ ಹೆಚ್ಚಲಿಲ್ಲ, ಆಕಾರ ಮಾತ್ರ ಬದಲಾಯಿತು.

ಇದರ ಕಾರಣ ಸರಳವಾದುದು. ಹಾಳೆಯು ಬಾಗುವಾಗ ಅದರ ಒಂದು ಮೈ ಹಿಗ್ಗಬೇಕು, ಇನ್ನೊಂದು ಮೈ ಕುಗ್ಗಬೇಕು. ತೆಳುವಾದ ಹಾಳೆಯಲ್ಲಿ ಎರಡು ಮೈಗಳೂ ಹತ್ತಿರವಿರುವುದರಿಂದ ಈ ಹಿಗ್ಗು ಕುಗ್ಗು ಅತ್ಯಲ್ಪ. ಆದುದರಿಂದ ಪ್ರತಿರೋಧವೂ ಅಲ್ಪ. ನೆರಿಗೆಯು ಅದೇ ದ್ರವ್ಯವನ್ನು ಮೇಲಕ್ಕೂ ಕೆಳಕ್ಕೂ ದೂರ ಒಯ್ಯುತ್ತದೆ. ಲೆಕ್ಕ ಹಾಕಿದರೆ, ನೆರಿಗೆಯ ಎತ್ತರವು ಹಾಳೆಯ ದಪ್ಪದ ಎಷ್ಟು ಪಟ್ಟೋ ಆ ಸಂಖ್ಯೆಯ ವರ್ಗದಷ್ಟು ಬಿಗುಪು ಹೆಚ್ಚುತ್ತದೆ. ಕಾಗದದ ದಪ್ಪ ೦.೧ ಮಿಲಿಮೀಟರ್, ನೆರಿಗೆಯ ಎತ್ತರ ೧೦ ಮಿಲಿಮೀಟರ್ ಎಂದರೆ ಅದು ೧೦೦ರ ವರ್ಗ, ಅಂದರೆ ೧೦,೦೦೦ ಪಟ್ಟು! ಮಾಳಿಗೆಯ ತಗಡಿನ ಅಲೆಗಳ ರಹಸ್ಯವೂ ಇದೇ.

ಎಷ್ಟು ಬಟ್ಟೆ ಬೇಕು?

ನೆರಿಗೆಯ ಎರಡನೆಯ ಗುಣವೆಂದರೆ ಬಹಳ ಬಟ್ಟೆಯನ್ನು ಸ್ವಲ್ಪ ಸ್ಥಳದಲ್ಲಿ ಅಡಗಿಸುವುದು. ಐದೂವರೆ ಮೀಟರಿನ ಸೀರೆಯಲ್ಲಿ ೧೨ ಸೆಂಟಿಮೀಟರ್ ಅಗಲದ ಏಳು ನೆರಿಗೆಗಳನ್ನು ಹಿಡಿದರೆ, ಒಂದೊಂದಕ್ಕೆ ೨೪ ಸೆಂಟಿಮೀಟರಿನಂತೆ ೧೬೮ ಸೆಂಟಿಮೀಟರ್ ಬಟ್ಟೆಯು ಸೊಂಟದಲ್ಲಿ ಕೇವಲ ೧೨ ಸೆಂಟಿಮೀಟರಿನಲ್ಲಿ ಅಡಗುತ್ತದೆ. ಪಾದದ ಬಳಿ ಅದು ಬಿಚ್ಚಿಕೊಂಡು ಹೆಜ್ಜೆಗೆ ಎಡೆಗೊಡುತ್ತದೆ. ಕೊಡಗಿನ ಸ್ತ್ರೀಯರು ಈ ನೆರಿಗೆಗಳನ್ನು ಬೆನ್ನ ಹಿಂದೆ ಸಿಕ್ಕಿಸುತ್ತಾರೆ. ಅಲ್ಲಿಯೂ ಲೆಕ್ಕ ಬದಲಾಗದು.

ಕೊರಳಪಟ್ಟಿಯ ಲೆಕ್ಕ ಇನ್ನೂ ಸ್ವಾರಸ್ಯಕರ. ಕೊರಳ ಸುತ್ತಳತೆ ೪೦ ಸೆಂಟಿಮೀಟರ್, ಪಟ್ಟಿಯ ಅಗಲ ೮ ಸೆಂಟಿಮೀಟರ್ ಎಂದಿಟ್ಟುಕೊಳ್ಳೋಣ. ಹೊರ ಅಂಚಿನ ಸುತ್ತಳತೆ ಸುಮಾರು ೯೦ ಸೆಂಟಿಮೀಟರ್ ಆಗುತ್ತದೆ. ಅಲ್ಲಿ ಎರಡು ಸೆಂಟಿಮೀಟರಿಗೆ ಒಂದರಂತೆ ೪೫ ಸುರುಳಿಗಳು. ಪ್ರತಿಯೊಂದು ಸುರುಳಿ ೪ ಸೆಂಟಿಮೀಟರ್ ಎತ್ತರವಿದ್ದರೆ, ಏರಿ ಇಳಿದು ತಿರುಗುವುದಕ್ಕೆ ೯ ಸೆಂಟಿಮೀಟರ್ ಬಟ್ಟೆ ಬೇಕು. ಒಟ್ಟು ಸುಮಾರು ೪ ಮೀಟರ್! ಇಷ್ಟೂ ಬಟ್ಟೆಯು ಕೊರಳಿನ ಬಳಿ ಹತ್ತನೆಯ ಒಂದು ಪಾಲಿಗೆ ಕುಗ್ಗಬೇಕು. ಅತ್ಯಂತ ನಯವಾದ ನಾರುಬಟ್ಟೆಯಿಂದಲ್ಲದೆ ಇದು ಸಾಧ್ಯವಿಲ್ಲ. ಆದರೆ ನಯವಾದ ಬಟ್ಟೆ ಬಲು ಮೆತು. ಅದು ತಾನಾಗಿ ನಿಲ್ಲಲಾರದು. ಇಲ್ಲಿಯೇ ಗಂಜಿಯ ಪ್ರವೇಶ.

ನೀರು, ಶಾಖ, ಗಂಜಿ

ಹತ್ತಿಯ ಎಳೆಯು ಸೆಲ್ಯುಲೋಸ್ ಎಂಬ ನೀಳವಾದ ಅಣುಗಳ ಕಂತೆ. ಈ ಅಣುಗಳು ಜಲಜನಕ ಬಂಧಗಳಿಂದ ಒಂದನ್ನೊಂದು ಹಿಡಿದುಕೊಂಡಿರುತ್ತವೆ. ಒಂದೊಂದು ಬಂಧವೂ ದುರ್ಬಲ. ಆದರೆ ಅವುಗಳ ಸಂಖ್ಯೆ ಅಪಾರ. ಬಟ್ಟೆ ನೆನೆದಾಗ ನೀರಿನ ಅಣುಗಳು ನಡುವೆ ನುಸುಳಿ ಈ ಹಿಡಿತವನ್ನು ಸಡಿಲಿಸುತ್ತವೆ. ಆಗ ಮಡಿಸಿ, ಕಾಯಿಸಿ, ನೀರನ್ನು ಓಡಿಸಿದರೆ ಬಂಧಗಳು ಹೊಸ ಸ್ಥಾನಗಳಲ್ಲಿ ಮರಳಿ ಕೂಡುತ್ತವೆ. ಇಸ್ತ್ರಿಯ ತತ್ತ್ವವೆಲ್ಲ ಇಷ್ಟೇ. ರೇಷ್ಮೆಯು ಪ್ರೋಟೀನಾದರೂ ಅದರಲ್ಲಿಯೂ ಜಲಜನಕ ಬಂಧಗಳಿಗೇ ಮುಖ್ಯ ಪಾತ್ರ.

ಅಕ್ಕಿಯ ಪಿಷ್ಟವು ಸೆಲ್ಯುಲೋಸಿನ ದಾಯಾದಿ. ಎರಡೂ ಗ್ಲೂಕೋಸಿನ ಸರಪಣಿಗಳೇ. ಕೊಂಡಿಯ ರೀತಿ ಮಾತ್ರ ಬೇರೆ. ನೀರಿನಲ್ಲಿ ಸುಮಾರು ೭೦ ಡಿಗ್ರಿ ಸೆಂಟಿಗ್ರೇಡಿಗೆ ಕಾಯಿಸಿದಾಗ ಪಿಷ್ಟದ ಕಣಗಳು ಉಬ್ಬಿ ಒಡೆದು ಅಂಟಾಗುತ್ತವೆ. ಈ ಅಂಟು ಎಳೆಗಳ ಸಂದುಗಳಲ್ಲಿ ಒಣಗಿ, ಜಾರುತ್ತಿದ್ದ ಎಳೆಗಳನ್ನು ಬೆಸೆದು ಬಟ್ಟೆಯನ್ನು ಹಾಳೆಯಂತೆ ಬಿಗಿಯಾಗಿಸುತ್ತದೆ. ೧೫೬೪ರಲ್ಲಿ ಫ್ಲಾಂಡರ್ಸ್‌ನಿಂದ ಲಂಡನ್ನಿಗೆ ಬಂದ ಡಿಂಗೆನ್ ವಾನ್ ಡೆರ್ ಪ್ಲಾಸೆ ಎಂಬ ಮಹಿಳೆಯು ಈ ವಿದ್ಯೆಯನ್ನು ಶುಲ್ಕ ಪಡೆದು ಕಲಿಸಿದಳು. ನಮ್ಮ ಮಡಿವಾಳರಿಗೆ ಇದು ಕುಲವಿದ್ಯೆ.

ಕಾಲೇಜಿನ ನಾಟಕಕ್ಕಾಗಿ ಇಂತಹ ಪಟ್ಟಿಯನ್ನು ಮಾಡಬಯಸುವವರು ಮೇಲಿನ ಅಳತೆಯ ತೆಳು ಮಲ್ಮಲ್ ಬಟ್ಟೆಯನ್ನು ತೆಗೆದುಕೊಳ್ಳಬಹುದು. ಒಂದು ಅಂಚಿನಲ್ಲಿ ಸಮದೂರದ ಹೊಲಿಗೆ ಹಾಕಿ, ದಾರವನ್ನು ಎಳೆದು, ಕೊರಳ ಅಳತೆಯ ದಪ್ಪ ಪಟ್ಟಿಗೆ ಹೊಲಿಯಬೇಕು. ಬಳಿಕ ಮಂದವಾದ ಗಂಜಿಯಲ್ಲಿ ಅದ್ದಿ, ಅರೆ ಒಣಗಿದಾಗ ಸುರುಳಿಗಳಲ್ಲಿ ದುಂಡನೆಯ ಮರದ ಕಡ್ಡಿಗಳನ್ನು ಒಮ್ಮೆ ಮೇಲಿನಿಂದ, ಒಮ್ಮೆ ಕೆಳಗಿನಿಂದ ತೂರಿಸಬೇಕು. ಅಂಚಿನ ಕಡೆಯಿಂದ ನೋಡಿದರೆ ಇಂಗ್ಲಿಷಿನ ಎಂಟರ ಅಂಕಿಗಳನ್ನು ಸಾಲಾಗಿ ನಿಲ್ಲಿಸಿದಂತೆ ತೋರಬೇಕು. ಸುರುಳಿಗಳು ತಾಗುವಲ್ಲಿ ಗುಂಡುಸೂಜಿಯಿಂದ ಬಂಧಿಸಿ, ಪೂರ್ಣ ಒಣಗಿದ ಮೇಲೆ ಕಡ್ಡಿಗಳನ್ನು ಹೊರತೆಗೆಯಬೇಕು. ಹಿಂದಿನವರು ಕಾಯಿಸಿದ ಉಕ್ಕಿನ ಕಡ್ಡಿಯನ್ನೂ ಬಳಸುತ್ತಿದ್ದರು.

ಅನ್ನವೋ, ಅಲಂಕಾರವೋ?

ಈ ಅಲಂಕಾರಕ್ಕೆ ಎರಡು ಶತ್ರುಗಳಿದ್ದವು. ಮೊದಲನೆಯದು ಮಳೆ. ಒಂದು ಹನಿ ಬಿದ್ದರೂ ನೀರು ತನ್ನ ಹಳೆಯ ಕೆಲಸವನ್ನು ಮಾಡಿ ಬಂಧಗಳನ್ನು ಸಡಿಲಿಸುತ್ತಿತ್ತು. ಹೆಮ್ಮೆಯ ಕೊರಳಪಟ್ಟಿಯು ಒದ್ದೆ ಬಟ್ಟೆಯಾಗಿ ಹೆಗಲ ಮೇಲೆ ಬೀಳುತ್ತಿತ್ತು. ನಮ್ಮ ನರ್ತಕಿಯರು ಪ್ರದರ್ಶನ ಮುಗಿದ ಮೇಲೆ ಬೆವರು ಆರಿಸಿ, ನೆರಿಗೆಯ ಗುಂಟವೇ ಮಡಿಸಿ, ಕಟ್ಟಿ ಇಡುವುದು ಇದೇ ಕಾರಣದಿಂದ.

ಎರಡನೆಯದು ಹಸಿವು. ಇಂಗ್ಲೆಂಡಿನಲ್ಲಿ ಗಂಜಿಯನ್ನು ಗೋಧಿಯಿಂದ ತೆಗೆಯುತ್ತಿದ್ದರು. ೧೫೯೪ರಿಂದ ೧೫೯೭ರವರೆಗೆ ಅಲ್ಲಿ ಸತತವಾಗಿ ಬೆಳೆ ಕೆಟ್ಟಾಗ, ಬಡವರ ರೊಟ್ಟಿಯು ಸಿರಿವಂತರ ಕೊರಳಿಗೆ ಹೋಗುತ್ತಿದೆಯೆಂಬ ಕೂಗೆದ್ದಿತು. ಗಂಜಿಯ ತಯಾರಿಕೆಯನ್ನು ಹತೋಟಿಯಲ್ಲಿಡಲು ರಾಜಾಜ್ಞೆಗಳು ಹೊರಟವು. ಸ್ಪೇನಿನಲ್ಲಿ ದುಂದುವೆಚ್ಚವನ್ನು ತಡೆಯುವುದಕ್ಕಾಗಿ ನಾಲ್ಕನೆಯ ಫಿಲಿಪ್ ದೊರೆಯು ೧೬೨೩ರಲ್ಲಿ ಈ ಪಟ್ಟಿಯನ್ನೇ ನಿಷೇಧಿಸಿದನು. ಕನ್ನಡದಲ್ಲಿ ಬಡವನ ಊಟಕ್ಕೂ ಬಟ್ಟೆಯ ಬಿಗುಪಿಗೂ ‘ಗಂಜಿ’ ಎಂಬ ಒಂದೇ ಮಾತಿರುವುದನ್ನು ಇಲ್ಲಿ ನೆನೆಯಬಹುದು. ನಮ್ಮ ಮನೆಗಳಲ್ಲಿ ಬಟ್ಟೆಗೆ ಹಾಕುತ್ತಿದ್ದುದು ಬಹುಮಟ್ಟಿಗೆ ಅನ್ನ ಬಸಿದ ತಿಳಿ. ಧಾನ್ಯದ ದುರ್ವ್ಯಯ ಇದರಲ್ಲಿ ಇಲ್ಲವಾದರೂ, ಆ ತಿಳಿಯೊಡನೆ ಅಕ್ಕಿಯ ಬಿ ಜೀವಸತ್ವದ ಒಂದು ಭಾಗವೂ ಹೊರಹೋಗುತ್ತದೆ ಎಂಬುದನ್ನು ಮರೆಯಬಾರದು.

ಅಳಿಯದ ನೆರಿಗೆ

ಒಗೆದರೂ ಅಳಿಯದ ನೆರಿಗೆಗಾಗಿ ಇಪ್ಪತ್ತನೆಯ ಶತಮಾನದ ವಿಜ್ಞಾನಿಗಳು ಶ್ರಮಿಸಿದರು. ಉಣ್ಣೆಯಲ್ಲಿ ಅಣುಗಳನ್ನು ಹಿಡಿದಿರುವ ಗಂಧಕದ ಬಂಧಗಳನ್ನು ರಾಸಾಯನಿಕದಿಂದ ಬಿಚ್ಚಿ ಕೂಡಿಸುವ ಕ್ರಮವನ್ನು ಆಸ್ಟ್ರೇಲಿಯದಲ್ಲಿ ೧೯೫೭ರಲ್ಲಿ ಬಳಕೆಗೆ ತಂದರು. ಪಾಲಿಯೆಸ್ಟರಿನ ದಾರಿ ಇನ್ನೂ ಸುಲಭ. ಶೇಕಡಾ ೬೫ ಆರ್ದ್ರತೆಯ ಗಾಳಿಯಲ್ಲಿ ಹತ್ತಿಯು ತನ್ನ ತೂಕದ ಸುಮಾರು ಶೇಕಡಾ ೮ರಷ್ಟು, ರೇಷ್ಮೆಯು ಸುಮಾರು ೧೧ರಷ್ಟು ನೀರನ್ನು ಹೀರಿದರೆ, ಪಾಲಿಯೆಸ್ಟರ್ ಅರ್ಧವನ್ನೂ ಹೀರದು. ೧೮೦ ಡಿಗ್ರಿಗೂ ಮೇಲಿನ ಶಾಖದಲ್ಲಿ ಮಡಿಸಿ ಆರಿಸಿದ ನೆರಿಗೆಯು ಆದುದರಿಂದ ಮಳೆಗೂ ಒಗೆತಕ್ಕೂ ಜಗ್ಗುವುದಿಲ್ಲ.

ಆದರೆ ಈ ಗೆಲುವಿಗೂ ಬೆಲೆಯುಂಟು. ಕಲ್ಲೆಣ್ಣೆಯಿಂದ ಹುಟ್ಟಿದ ಈ ಎಳೆಯು ಮಣ್ಣಿನಲ್ಲಿ ಬೇಗನೆ ಕೊಳೆಯುವುದೂ ಇಲ್ಲ. ಹತ್ತಿಯ ನೆರಿಗೆಯಾದರೋ ಒಂದು ಬಕೆಟ್ ನೀರಿನಲ್ಲಿ ಮಾಯವಾಗಿ ಬಟ್ಟೆಯು ಮತ್ತೆ ಬಟ್ಟೆಯಾಗುತ್ತದೆ. ಹಳೆಯದಾದ ಮೇಲೆ ತೊಟ್ಟಿಲಿಗೂ ಕೌದಿಗೂ ಒದಗುತ್ತದೆ. ಆ ನೆರಿಗೆಗೆ ನೆನಪು ಕಡಿಮೆಯೆಂಬುದು ದೋಷವೂ ಹೌದು, ಗುಣವೂ ಹೌದು. ಯಾವ ಕಾರ್ಯಕ್ಕೆ ಯಾವುದು ಬೇಕೆಂಬುದನ್ನು ತಿಳಿದು ಆರಿಸುವುದು ಬಳಸುವವರಿಗೆ ಸೇರಿದ್ದು.